ಲ್ಯಾಂಗ್ವೇಜ್ ಲ್ಯಾಬ್ ಸಾಹೇಬರ ಸಂದರ್ಶನ

ಬೆಳಗಾವಿಯ ಒಂದು ಕಾಲೇಜು. ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವುದಿದೆ, ಹೆಸರು ಬೇಡ. ಎರಡನೇ ಮಹಡಿಯ ಬೀಗ ತೆಗೆಸಿ, ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡಿಗೆ ತಲೆಬಾಗಿ ಒಳಹೊಕ್ಕೆವು. ಇಂಗ್ಲಿಷ್, ಜರ್ಮನ್, ಫ್ರೆಂಚ್ ಕಲಿಸುವ ಸಾಫ್ಟ್‌ವೇರ್ ಸಾಹೇಬರು ಬಿಡುವಾಗೇ ಇದ್ದರು.

ನಾವು: ನಮಸ್ಕಾರ್ರಿ ಸಾಹೇಬ್ರ. ಆರಾಮ ಅದೀರಿ?

ಲ್ಯಾಬ್: ಉಚ್ಚಾರಣೆ ಶೇಕಡ 38. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.

ನಾವು: ಇರ್ಲಿ ಬಿಡ್ರಿ. ನಿಮ್ಮ ಮನೆತನದ ಬಗ್ಗೆ ಹೇಳ್ರಿ.

ಲ್ಯಾಬ್: ದೊಡ್ಡ ಮನೆತನ. 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದರು, ಅಮೆರಿಕ ಬೆಚ್ಚಿಬಿತ್ತು. 1958ರಲ್ಲೇ ಕಾಯಿದೆ ಮಾಡಿ ಗಣಿತ, ವಿಜ್ಞಾನದ ಜೊತೆ ವಿದೇಶಿ ಭಾಷೆಗೂ ಹಣ ಸುರಿಯಿತು. ನಮ್ಮ ತಾತ ಟೇಪ್ ರೆಕಾರ್ಡರ್ ಶಾಲೆ ಶಾಲೆಗೂ ನುಗ್ಗಿದ್ದು ಆಗ.

ನಾವು: ಹುಡುಗ್ರು ಕಲಿತ್ರೇನ್ರಿ?

ಲ್ಯಾಬ್: ಅದನ್ನು ಕೇಳಬಾರದಿತ್ತು. 1960ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಶಾಲೆಗಳಲ್ಲಿ ಫ್ರೆಂಚ್, ಜರ್ಮನ್ ಕ್ಲಾಸುಗಳನ್ನು ಹೋಲಿಸಿ ನೋಡಿದರು. ವಾರಕ್ಕೆರಡು ಸಲ ಲ್ಯಾಬಿನಲ್ಲಿ ಕೂತವರಿಗೂ ಕೂರದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ವರದಿಯನ್ನು ಯಾವ ಖರೀದಿ ಸಮಿತಿಯೂ ಕಡತಕ್ಕೆ ಸೇರಿಸುವುದಿಲ್ಲ, ದೇವರು ದೊಡ್ಡವನು.

ನಾವು: ನೀವು ಹೆಂಗ ಕಲಸ್ತೀರಿ?

ಲ್ಯಾಬ್: ಒಂದು ವಾಕ್ಯ ಕೇಳಿಸುತ್ತೇನೆ. ವಿದ್ಯಾರ್ಥಿ ಅದನ್ನೇ ಹೇಳುತ್ತಾನೆ. ಎರಡೂ ದನಿಯ ಗೆರೆಗಳನ್ನು ಪರದೆಯ ಮೇಲೆ ಹೋಲಿಸಿ ಅಂಕ ಕೊಡುತ್ತೇನೆ. ನಾಚಿಕೆಯ ಹುಡುಗರು ನನ್ನ ಮುಂದೆ ಬಾಯಿ ಬಿಡುತ್ತಾರೆ, ನಾನು ನಗುವುದಿಲ್ಲವಲ್ಲ! ಮಾಸ್ತರರು ಕೂತಲ್ಲಿಂದಲೇ ಯಾರ ಮಾತನ್ನಾದರೂ ಆಲಿಸಿ ತಿದ್ದಬಹುದು. ಆ ಹೊತ್ತಿಗೆ ಅವರು ಹಾಜರಿ ತುಂಬುತ್ತಿರುತ್ತಾರೆ.

ನಾವು: ಖಾನಾಪುರದಾಕಿ ಒಬ್ಬಾಕಿ ಬರ್ತಿದ್ಲಂತಲ್ಲ?

ಲ್ಯಾಬ್: ಜರ್ಮನಿಯಲ್ಲಿ ನರ್ಸ್ ಆಗಬೇಕೆಂದು ಬಂದಳು. ಮನೆಯಲ್ಲಿ ಮರಾಠಿ, ಅಜ್ಜಿಯ ಜೊತೆ ಕೊಂಕಣಿ, ತಹಶೀಲ್ದಾರ್ ಕಚೇರಿಯಲ್ಲಿ ಕನ್ನಡ, ಬಸ್ಸಿನಲ್ಲಿ ಹಿಂದಿ. ಅವಳನ್ನು ‘ಭಾಷಾಜ್ಞಾನ: ಆರಂಭಿಕ ಹಂತ’ಕ್ಕೆ ಹಾಕಿದೆ.

ನಾವು: ನಾಕು ಭಾಷಾ ಆಕಿಗೆ ಯಾರು ಕಲಿಸಿದ್ರಂತ?

ಲ್ಯಾಬ್: ಯಾರೂ ಇಲ್ಲ. ಅಲ್ಲಿ ಮಾತಾಡದಿದ್ದರೆ ಕೆಲಸ ಆಗುವುದಿಲ್ಲವಂತೆ. ನನ್ನಲ್ಲಿ ಆ ಸೌಲಭ್ಯ ಇಲ್ಲ, ಇಲ್ಲಿ ಮಾತಾಡದಿದ್ದರೂ ಹಾಜರಿ ಸಿಗುತ್ತದೆ. ಅವಳ ಅಣ್ಣ ಲೋಂಡಾದಲ್ಲಿ ರೈಲು ಹತ್ತಿ ಗೋವಾಕ್ಕೆ ಹೋಗಿ, ಹೋಟೆಲಿನಲ್ಲಿ ತಟ್ಟೆ ಎತ್ತುತ್ತ ಒಂದೇ ಸೀಸನ್ನಿನಲ್ಲಿ ರಷ್ಯನ್ ಕಲಿತನಂತೆ. ಅವನಿಗೆ ಅಂಕ ಇಲ್ಲ, ಬರೀ ಟಿಪ್ಸು. ಸ್ಪುಟ್ನಿಕ್ ಹಾರಿದಾಗ ಅವನಂಥವನೊಬ್ಬ ಅಮೆರಿಕಕ್ಕೆ ಸಿಕ್ಕಿದ್ದರೆ ನಮ್ಮ ವಂಶವೇ ಬೆಳೆಯುತ್ತಿರಲಿಲ್ಲ.

ನಾವು: ಈ ಊರಾಗ ಕನ್ನಡ–ಮರಾಠಿ ಬೋರ್ಡಿನ ಗದ್ದಲ ಅದ. ನಿಮಗ ಬಿಸಿ ತಟ್ಟಿಲ್ಲೇನು?

ಲ್ಯಾಬ್: ನನ್ನ ಪಟ್ಟಿಯಲ್ಲಿ ಎರಡೂ ಭಾಷೆ ಇಲ್ಲ. ಹಾಗಾಗಿ ಎರಡೂ ಕಡೆಯವರಿಗೆ ತಕರಾರಿಲ್ಲ. ಈ ಊರು ಯಾವ ರಾಜ್ಯದ್ದೆಂಬ ಗಡಿ ಜಗಳದ ಬಗ್ಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಕನ್ನಡಕ್ಕಾಗಿ, ಮರಾಠಿಗಾಗಿ ಅಲ್ಲಿ ವಕೀಲರು ವಾದಿಸಬೇಕಾದ್ದು ಇಂಗ್ಲಿಷಿನಲ್ಲಿ. ಗೆದ್ದವರು ನನ್ನ ಕಡೆಯವರೇ.

ನಾವು: ಮುಂದಿನ ಯೋಜನೆ ಏನ್ರಿ?

ಲ್ಯಾಬ್: ಮಾರ್ಚಿಗೆ ಲೈಸೆನ್ಸ್ ಮುಗಿಯುತ್ತದೆ. ಹೊಸ ಆವೃತ್ತಿಗೆ ಕೃತಕ ಬುದ್ಧಿ ಇದೆಯಂತೆ. ವಿದ್ಯಾರ್ಥಿ ಬಾರದಿದ್ದರೆ ಅವನ ಪರವಾಗಿ ನಾನೇ ಮಾತಾಡಿ, ನಾನೇ ಅಂಕ ಕೊಡಬಹುದು. ಫಲಿತಾಂಶ ನೂರಕ್ಕೆ ನೂರು.

ನಾವು: ಆ ಹುಡುಗಿ ಏನಾದ್ಲು?

ಲ್ಯಾಬ್: ಬರುವುದನ್ನೇ ಬಿಟ್ಟಳು. ಜರ್ಮನಿಯಲ್ಲಿರುವ ಸೀನಿಯರ್ ಅಕ್ಕನಿಗೆ ದಿನಾ ಫೋನ್ ಹಚ್ಚುತ್ತಾಳೆ. ಜರ್ಮನ್ನಿನಲ್ಲೇ ಮಾತಾಡಬೇಕೆಂದು ಆ ಅಕ್ಕನ ಕರಾರಂತೆ. ಈಗ ಇಬ್ಬರೂ ಜರ್ಮನ್ನಿನಲ್ಲೇ ಜಗಳ ಆಡುತ್ತಾರಂತೆ.

ನಾವು: ಜಗಳಾ ಆಡೂ ಅಷ್ಟು ಬಂತೇನ್ರಿ? ಹಂಗಾದ್ರ ಆಕಿ ಪಾಸ್!

ಲ್ಯಾಬ್: ಇಲ್ಲ. ಜಗಳದ ಅಧ್ಯಾಯ ಸಿಲೆಬಸ್ಸಿನಲ್ಲಿಲ್ಲ. ಹಾಜರಿ ಕಡಿಮೆ, ಅನುತ್ತೀರ್ಣ.