ಆರು ತಿಂಗಳ ಜರಡಿವಾಸ

ನಮ್ಮ ಮಗಳು ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ, ಟ್ಯಾಂಪಾ ನಗರದ ಹೊರವಲಯದಲ್ಲಿ, ಸ್ವಂತ ಮನೆಯೊಂದನ್ನು ಕೊಂಡಳೆಂಬ ಶುಭವಾರ್ತೆಯನ್ನು ದೂರವಾಣಿಯಲ್ಲಿ ಕೇಳಿದ ದಿನ, ಹಿಗ್ಗಬೇಕಾಗಿದ್ದ ನನ್ನ ಮನೆಯಾಕೆ ಮುಖ ಬಿಳಿಚಿಕೊಂಡು ಪಡಸಾಲೆಗೆ ಬಂದಳು. ವಿಚಾರಿಸಲಾಗಿ, ಮನೆಯಲ್ಲಿ ಮೂರು ಕೋಣೆಗಳಿವೆಯೆಂದೂ, ಹಿಂದುಗಡೆ ಈಜುಕೊಳವಿದೆಯೆಂದೂ, ಕೊಳಕ್ಕೆ ಅಂಟಿಕೊಂಡಂತೆ ಒಂದು ದೊಡ್ಡ ನಾಯಿ ಇದೆಯೆಂದೂ, ಅಳಿಯಂದಿರು ಕಚೇರಿಯ ಕೆಲಸ ಮುಗಿದೊಡನೆ ಅದರೊಳಗೇ ಹೋಗಿ ಕುಳಿತುಕೊಳ್ಳುವರೆಂದೂ ವರದಿಯೊಪ್ಪಿಸಿದಳು. ನಾಯಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು ಲೋಕದಲ್ಲಿ ಉಂಟು. ನಾಯಿಯ ಒಳಗೆ ಕುಳಿತುಕೊಳ್ಳುವುದನ್ನು ನಾನು ಪುರಾಣಗಳಲ್ಲಿಯೂ ಓದಿದವನಲ್ಲ.

ಮರುದಿನ ಮಗಳು ಚಿತ್ರ ಕಳುಹಿಸಿ ಸಂಶಯ ನಿವಾರಣೆ ಮಾಡಿದಳು. ಅದು ನಾಯಿಯಲ್ಲ, ಲನಾಯ್. ಹವಾಯಿ ದ್ವೀಪದವರ ಮಾತು. ಅವರಲ್ಲಿ ಅದು ಗಾಳಿಗೆ ತೆರೆದುಕೊಂಡ ಜಗಲಿಯ ಹೆಸರು. ಆದರೆ ಶಾಂತಸಾಗರವನ್ನು ದಾಟಿ, ಅಮೆರಿಕ ಖಂಡದ ಪೂರ್ವದ ತುದಿಯನ್ನು ಮುಟ್ಟುವಷ್ಟರಲ್ಲಿ ಆ ಪದಕ್ಕೆ ಸುತ್ತಲೂ ಬಲೆ ಸುತ್ತಿಕೊಂಡಿದೆ. ಮನೆಯ ಬೆನ್ನಿಗೆ ಅಲ್ಯೂಮಿನಿಯಮ್ಮಿನ ಎತ್ತರವಾದ ಚೌಕಟ್ಟನ್ನು ನಿಲ್ಲಿಸಿ, ಕುರ್ಚಿ ಮೇಜುಗಳಿರುವ ಭಾಗಕ್ಕೆ ಗಟ್ಟಿಯಾದ ಮಾಡನ್ನೂ ಕೊಳವಿರುವ ಭಾಗಕ್ಕೆ ಆಕಾಶವೇ ಕಾಣುವಂತೆ ಬಲೆಯ ಮಾಡನ್ನೂ ಹೊದಿಸಿ, ಸುತ್ತಲೂ ಬಲೆಯನ್ನು ಬಿಗಿದುಬಿಟ್ಟರೆ ಲನಾಯ್ ಸಿದ್ಧವಾಯಿತು. ಕೊಳವನ್ನೂ ಒಳಗೊಂಡ ಈ ರಚನೆಗೆ ಅಲ್ಲಿಯ ಜನ ಯಾವ ಸಂಕೋಚವೂ ಇಲ್ಲದೆ ‘ಪೂಲ್ ಕೇಜ್’, ಎಂದರೆ ಕೊಳದ ಪಂಜರ, ಎಂದೇ ಹೇಳುತ್ತಾರೆ. ಮಾಲೀಕನೇ ತನ್ನ ವಾಸಸ್ಥಾನವನ್ನು ಪಂಜರವೆಂದು ಕರೆದುಕೊಳ್ಳುವ ಪ್ರಾಮಾಣಿಕತೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

2024ರ ಮೇ ತಿಂಗಳ ಮೊದಲ ವಾರದಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿ ಇಳಿದೆವು. ಮೈಸೂರಿನವನಾದ ನಾನು, 1892ರಷ್ಟು ಹಿಂದೆ ಸ್ಥಾಪಿತವಾದ ನಮ್ಮ ಮೃಗಾಲಯದಲ್ಲಿ ಬಾಲ್ಯದಿಂದ ಮೊಮ್ಮಗನವರೆಗೆ ಎಷ್ಟೋ ಸಲ ಕಂಬಿಗಳ ಎದುರು ನಿಂತವನು. ಕಂಬಿಯ ಯಾವ ಕಡೆ ನಿಲ್ಲಬೇಕೆಂಬ ವಿಷಯದಲ್ಲಿ ನನಗೆ ಎಂದೂ ಸಂದೇಹವುಂಟಾದುದಿಲ್ಲ. ಇಲ್ಲಿ ಮೊದಲನೆಯ ಬೆಳಗ್ಗೆಯೇ ಆ ನಿಶ್ಚಯ ಸಡಿಲವಾಯಿತು. ನಾನೂ ಮನೆಯಾಕೆಯೂ ಲನಾಯಿನಲ್ಲಿ ಕಾಫಿ ಕುಡಿಯುತ್ತ ಕುಳಿತಿರುವಾಗ, ಆದಿಕವಿಯ ಕಾಲದಿಂದ ನಮಗೆ ಪರಿಚಿತವಾದ ಕ್ರೌಂಚಕುಲಕ್ಕೆ ಸೇರಿದ, ನಾಲ್ಕಡಿ ಎತ್ತರದ, ಕೆಂಪು ನೆತ್ತಿಯ ಎರಡು ಪಕ್ಷಿಗಳು, ವಾಯುವಿಹಾರಕ್ಕೆ ಹೊರಟ ನಿವೃತ್ತ ದಂಪತಿಗಳ ಗತ್ತಿನಲ್ಲಿ ಹುಲ್ಲುಹಾಸಿನ ಮೇಲೆ ನಡೆದು ಬಂದು, ಬಲೆಯ ಹೊರಗೆ ನಿಂತು, ಕತ್ತನ್ನು ಓರೆಮಾಡಿ ನಮ್ಮಿಬ್ಬರನ್ನೂ ಬಹು ಹೊತ್ತು ನೋಡಿದವು. ನಾನು ಒಂದು ಬಿಸ್ಕತ್ತನ್ನು ಎತ್ತಿದೆ. “ತಾತ, ಅವಕ್ಕೆ ತಿನ್ನೋಕೆ ಕೊಡಬಾರದು, ಕಾನೂನಿದೆ!” ಎಂದು ಮೊಮ್ಮಗ ಕೂಗಿದ. ಕಾನೂನು ಇರುವುದು ನಿಜವೇ. ಪ್ರಾಣಿಗಳಿಗೆ ಆಹಾರ ಕೊಡಬೇಡಿರೆಂಬ ಫಲಕ ನಮ್ಮ ಮೃಗಾಲಯದಲ್ಲಿಯೂ ಉಂಟು. ಆದರೆ ಅಲ್ಲಿ ಅದು ಹೊರಗಿನವರಿಗೆ ಬರೆದುದು, ಇಲ್ಲಿ ಒಳಗಿನವರಿಗೆ. ಪಕ್ಷಿದಂಪತಿಗಳು ನೋಡುವುದನ್ನು ಮುಗಿಸಿ ಪಕ್ಕದ ಮನೆಯ ಪಂಜರದತ್ತ ನಡೆದವು.

ನನ್ನ ಅಳಿಯ ವೃತ್ತಿಯಿಂದ ಇಂಜಿನಿಯರು. ಆದುದರಿಂದ ಆ ಸಂಜೆ ನನಗೆ ಲನಾಯಿನ ತತ್ತ್ವಶಾಸ್ತ್ರ ಸಾಂಗವಾಗಿ ಬೋಧಿತವಾಯಿತು. ಬಲೆಯೆಂದರೆ ಸಾಮಾನ್ಯವಲ್ಲ, ವಿನೈಲ್ ಲೇಪಿಸಿದ ಗಾಜಿನ ನಾರಿನ ನೇಯ್ಗೆ. ಅಂಗುಲ ಒಂದಕ್ಕೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 14 ಎಳೆಗಳಿದ್ದರೆ ಸೊಳ್ಳೆ ನಿಲ್ಲುತ್ತದೆ. ಆದರೆ ಆ ಪ್ರಾಂತದಲ್ಲಿ ಸೊಳ್ಳೆಗಿಂತ ಕಿರಿದಾದ, ಕಚ್ಚಿದ ಮೇಲಲ್ಲದೆ ತನ್ನ ಇರವನ್ನು ತೋರಗೊಡದ ಒಂದು ಜಂತುವುಂಟು, ಹೆಸರು ‘ನೋಸೀಅಮ್’. ಮಂತ್ರಶಾಸ್ತ್ರದ ಬೀಜಾಕ್ಷರದಂತೆ ಕೇಳಿಸಿದರೂ ಅದರ ಅರ್ಥ ಕಣ್ಣಿಗೆ ಕಾಣದ್ದು ಎಂದಷ್ಟೆ. ಗಾತ್ರವನ್ನು ನೋಡಿದರೆ ನಮ್ಮ ನೊರಜಿನ ಸೋದರಸಂಬಂಧಿ ಎನ್ನಬಹುದು. ಅದನ್ನು ತಡೆಯಬೇಕಾದರೆ ಎರಡು ದಿಕ್ಕಿನಲ್ಲಿಯೂ 20 ಎಳೆಗಳ ಬಲೆ ಬೇಕು. ಬಲೆ ಸೂಕ್ಷ್ಮವಾದಷ್ಟೂ ಗಾಳಿ ಕಡಿಮೆ. ಗಾಳಿ ಕಡಿಮೆಯಾದುದಕ್ಕೆ ಮಾಡಿನಿಂದ ಫ್ಯಾನು. ಆ ಫ್ಯಾನು ಕೂಡ ಮನೆಯೊಳಗಿನದಲ್ಲ, ತೇವವನ್ನು ತಡೆಯುವಂಥದೆಂದು ಪ್ರಮಾಣಿತವಾದುದು, ಇಲ್ಲದಿದ್ದರೆ ಅಲ್ಲಿಯ ಹವೆಯಲ್ಲಿ ಅದರ ರೆಕ್ಕೆಗಳು ಬಾಡಿದ ಬಾಳೆಲೆಯಂತೆ ಜೋತುಬೀಳುತ್ತವೆಯಂತೆ. ಮಾಡು ನೊರೆಯಂಥ ಪದಾರ್ಥವನ್ನು ಒಡಲಲ್ಲಿ ತುಂಬಿಕೊಂಡ ಹಲಗೆಗಳದು, ಬಿಸಿಲಿನ ಕಾವು ಇಳಿಯದಿರಲೆಂದು. ನೆಲಕ್ಕೆ ನೀರು ನಿಲ್ಲದಷ್ಟು ಇಳಿಜಾರು. ಜನವರಿಯ ಚಳಿಗೆ ಗೋಡೆಯ ಮೇಲೆ ಕೆಂಡದಂತೆ ಕೆಂಪಾಗುವ ಹೀಟರು. ಚಿಕ್ಕ ಮಕ್ಕಳು ಯಾರ ಕಣ್ಣಿಗೂ ಬೀಳದೆ ಕೊಳಕ್ಕಿಳಿಯದಂತೆ 2000ದ ಇಸವಿಯಲ್ಲಿ ಆ ಸಂಸ್ಥಾನ ಮಾಡಿದ ಶಾಸನವೊಂದಿದೆ. ಅದಕ್ಕನುಸಾರವಾಗಿ ಪಂಜರದ ಬಾಗಿಲು ಹೊರಕ್ಕೇ ತೆರೆಯಬೇಕು ಮತ್ತು ತಾನೇ ಮುಚ್ಚಿಕೊಳ್ಳಬೇಕು. “ಒಟ್ಟಿನಲ್ಲಿ ಮಾವ, ವರ್ಷದ ಹನ್ನೆರಡು ತಿಂಗಳೂ ನಾವು ಹೊರಗೇ ಇರಬಹುದು ನೋಡಿ” ಎಂದು ಅಳಿಯ ಉಪಸಂಹಾರ ಮಾಡಿದ. ಹೊರಗಿನ ಗಾಳಿ, ಹೊರಗಿನ ಬಿಸಿಲು, ಹೊರಗಿನ ಹುಳು, ಹೊರಗಿನ ಚಳಿ ಇಷ್ಟನ್ನೂ ಹೊರಗೆ ಹಾಕಿದ ಮೇಲೆ ಹೊರಗು ಎಂಬುದು ಎಷ್ಟು ಉಳಿಯಿತೆಂದು ಕೇಳಬೇಕೆಂದುಕೊಂಡೆ. ಹೊಸದಾಗಿ ಬಂದಿಳಿದ ಮಾವನಿಗೆ ಅದು ಭೂಷಣವಲ್ಲವೆಂದು ಸುಮ್ಮನಾದೆ.

ಈ ಬಲೆಯ ವಂಶಾವಳಿಯನ್ನು ಮುಂದೆ ಓದಿ ತಿಳಿದುಕೊಂಡೆ. ಕನೆಕ್ಟಿಕಟ್ ಸಂಸ್ಥಾನದ ಜಾರ್ಜ್‌ಟೌನ್ ಎಂಬಲ್ಲಿ ಗಿಲ್ಬರ್ಟ್ ಮತ್ತು ಬೆನೆಟ್ ಎಂಬ ಜರಡಿ ಮಾಡುವ ಕಂಪೆನಿಯೊಂದಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಗಿರಾಕಿಗಳು ತಪ್ಪಿಹೋದಾಗ, ಜರಡಿಗೆಂದು ನೇಯ್ದ ತಂತಿಯ ಬಟ್ಟೆ ರಾಶಿ ಬಿದ್ದಿತು. ತುಕ್ಕು ಹಿಡಿಯದಂತೆ ಅದಕ್ಕೆ ಬಣ್ಣ ಬಳಿದು, ಕಿಟಕಿಗೆ ಹೊಡೆದರೆ ನೊಣ ಬಾರದೆಂದು ಮಾರಿದರು. ಮಾರಾಟವಾಗದೆ ಉಳಿದ ಜರಡಿಯೊಳಗೆ ಒಂದು ರಾಷ್ಟ್ರವೇ ವಾಸಮಾಡುತ್ತಿದೆ ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದೆ. “ಹಿಟ್ಟು ಯಾರು, ಹೊಟ್ಟು ಯಾರು ಅನ್ನೋದನ್ನೂ ಹೇಳಿಬಿಡಿ” ಎಂದಳು ಮನೆಯಾಕೆ. ನಲವತ್ತು ವರ್ಷ ಜರಡಿ ಹಿಡಿದವಳು ಅವಳು. ನಾನು ವಿಷಯವನ್ನು ಬದಲಾಯಿಸಿದೆ.

ಸೊಳ್ಳೆಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ಸಿದ್ಧಾಂತವಿತ್ತು, ಅದಕ್ಕೆ ಬೆಂಗಳೂರಿನಲ್ಲಿಯೇ ಒಬ್ಬ ಪೂರ್ವಾಚಾರ್ಯನೂ ಇದ್ದ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯ ಬೆಂಗಳೂರಿನ ದಂಡಿಗೆ ಬಂದಿದ್ದಾಗ, ತನ್ನ ಬಿಡಾರದ ಸೊಳ್ಳೆಗಳೆಲ್ಲ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಹುಟ್ಟುತ್ತಿರುವುದನ್ನು ಕಂಡು, ಆ ನೀರನ್ನು ಚೆಲ್ಲಿ ಸುಖವಾಗಿ ನಿದ್ದೆಮಾಡಿದ. ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಹೂದಾನಿಗಳ ನೀರನ್ನು ಚೆಲ್ಲಿಸೋಣವೆಂದು ಅಡ್ಜುಟೆಂಟನಿಗೆ ಸೂಚಿಸಿದರೆ, ಆ ಮಹಾನುಭಾವ, ಸೃಷ್ಟಿಕ್ರಮದಲ್ಲಿ ಕೈಹಾಕಬಾರದು, ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕಾಗಿಯೇ ನಿರ್ಮಿಸಲಾಗಿದೆ, ಸಹಿಸುವುದೇ ನಮ್ಮ ಧರ್ಮ ಎಂಬರ್ಥದ ಮಾತನಾಡಿ ನಿರಾಕರಿಸಿಬಿಟ್ಟನಂತೆ. ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಕ್ರಿಮಿಯನ್ನು ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಅಡ್ಜುಟೆಂಟನಿಗೆ ಯಾರೂ ಏನೂ ಕೊಡಲಿಲ್ಲ. ಆದರೆ ನಾನು ಅವನ ಪಕ್ಷದವನು. ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಬಲೆಯೆಂಬುದಿರಲಿಲ್ಲ. ಮುಂಗಾರು ಹಿಡಿಯುವ ಮೊದಲು ಅಡಕೆಯ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಳೆ ಹಿಂದೆಗೆದ ಮೇಲೆ ಬಿಚ್ಚುತ್ತಿದ್ದರು. ಸೊಳ್ಳೆಗೆ ಸಂಜೆ ಲಕ್ಕಿಸೊಪ್ಪಿನ ಹೊಗೆ. ಹೊಗೆಗೆ ಸೊಳ್ಳೆಗಳು ಓಡಿಹೋಗುತ್ತಿದ್ದವೋ ಇಲ್ಲವೋ ಪ್ರಮಾಣವಾಗಿ ಹೇಳಲಾರೆ, ಏಕೆಂದರೆ ನೋಡುವುದಕ್ಕೆ ನಾವು ಯಾರೂ ಕಣ್ಣು ಬಿಡುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ಇಷ್ಟು ದೃಢವಾದ ಸಿದ್ಧಾಂತವನ್ನು ಕಟ್ಟಿಕೊಂಡು ಹೋದವನನ್ನು ಪಂಜರ ಎರಡು ಸಲ ಪರೀಕ್ಷಿಸಿತು. ಬಲೆಯ ಬಣ್ಣ ಕಪ್ಪು. ಬಿಳಿಯ ಬಲೆ ಬೆಳಕನ್ನು ಚಿಮ್ಮಿಸಿ ಕಣ್ಣಿಗೆ ಅಡ್ಡ ಬರುತ್ತದೆ, ಕಪ್ಪು ಬೆಳಕನ್ನು ನುಂಗಿಕೊಂಡು ತಾನು ಮರೆಯಾಗುತ್ತದೆ ಎಂದು ಅಳಿಯ ಮೊದಲ ದಿನವೇ ವಿವರಿಸಿದ್ದ. ಆ ಗುಣವನ್ನು ನಾನು ಜೂನ್ ತಿಂಗಳ ಒಂದು ಪ್ರಾತಃಕಾಲ, ಕೈಯಲ್ಲಿ ಕಾಫಿಯ ಲೋಟದೊಡನೆ, ಕ್ರೌಂಚಗಳನ್ನು ಹತ್ತಿರದಿಂದ ನೋಡುವ ಆಸೆಯಿಂದ ಮುಂದೆ ಹೆಜ್ಜೆಯಿಟ್ಟಾಗ ಸ್ವಾನುಭವದಿಂದ ಅರಿತೆ. ಬಾಗಿಲಿದ್ದುದು ಎರಡು ಅಂಕಣ ಆಚೆ. ಬಲೆಯ ಅಂಚನ್ನು ಚೌಕಟ್ಟಿನ ತೋಡಿನಲ್ಲಿ ಒತ್ತಿ ಹಿಡಿದಿದ್ದ ರಬ್ಬರಿನ ದಾರ ಪಟಪಟನೆ ಕಿತ್ತುಬಂದು, ಲೋಟವೂ ಬಲಗಾಲೂ ಹೊರಗಿನ ಲೋಕಕ್ಕೆ ಸಂದು, ಉಳಿದ ದೇಹ ಪಂಜರದಲ್ಲಿಯೇ ಉಳಿಯಿತು. ಅಳಿಯ ಗಾಲಿಯಂಥ ಒಂದು ಪುಟ್ಟ ಉಪಕರಣವನ್ನು ತಂದು ದಾರವನ್ನು ಮತ್ತೆ ಒಳಗೊತ್ತಿ ಹತ್ತು ನಿಮಿಷದಲ್ಲಿ ಸರಿಮಾಡಿದ. ಆದರೆ ಆ ಹತ್ತು ನಿಮಿಷದಲ್ಲಿ ಒಂದು ಸೊಳ್ಳೆ ಒಳಗೆ ಬಂದಿತು.

ಪಂಜರದ ಸ್ವಭಾವವೇನೆಂದರೆ, ಒಳಗೆ ಬಾರದಂತೆ ತಡೆಯುವುದಕ್ಕೆ ಮಾಡಿದ ಬಲೆ, ಒಮ್ಮೆ ಬಂದುದನ್ನು ಹೊರಗೆ ಹೋಗದಂತೆಯೂ ಅಷ್ಟೇ ನಿಷ್ಠೆಯಿಂದ ತಡೆಯುತ್ತದೆ. ನಮ್ಮ ಜಗಲಿಯಲ್ಲಿ ಸಾವಿರ ಸೊಳ್ಳೆಗಳಿದ್ದರೂ ಅವಕ್ಕೆ ಹಟ್ಟಿಯ ದನ, ದಾರಿಹೋಕರು, ಪಕ್ಕದ ಮನೆಯವರು ಮುಂತಾಗಿ ಹಲವು ಆಯ್ಕೆಗಳಿದ್ದವು. ಈ ಏಕಾಂಗಿಗೆ ನಾನೊಬ್ಬನೇ ಗತಿ. ಮೂರು ಸಂಜೆ ಅದು ನನ್ನ ಎಡಗಿವಿಯ ಹತ್ತಿರ ಹಾಡಿತು. ಮನೆಯಾಕೆ ದೇವರಾಜ ಮಾರುಕಟ್ಟೆಯ ಹತ್ತಿರ ಕೊಂಡು, ಚಕ್ಕುಲಿಯ ಡಬ್ಬಿಯ ಮಗ್ಗುಲಿಗೆ ಇಟ್ಟು ತಂದಿದ್ದ ಸೊಳ್ಳೆಬ್ಯಾಟು ನಾಲ್ಕನೆಯ ದಿನ ಆ ಸಂಗೀತವನ್ನು ನಿಲ್ಲಿಸಿತು. ಬ್ಯಾಟನ್ನು ಬೀಸಿದವನು ಅಡ್ಜುಟೆಂಟನ ಶಿಷ್ಯನೇ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ದೇಶದಲ್ಲಿ ಚಂಡಮಾರುತಕ್ಕೂ ಪಂಚಾಂಗವುಂಟು. ಜೂನ್ 1ರಿಂದ ನವೆಂಬರ್ 30ರವರೆಗೆ ಅದರ ಋತು. ಅಕ್ಟೋಬರಿನಲ್ಲಿ ಮಿಲ್ಟನ್ ಎಂಬ ಮಹಾಕವಿಯ ಹೆಸರನ್ನು ಹೊತ್ತ ಚಂಡಮಾರುತ ನಮ್ಮ ಕಡೆಗೇ ಬರುತ್ತಿದೆಯೆಂದು ತಿಳಿದಾಗ, ನೆರೆಮನೆಯವರು ಚಾಕು ಹಿಡಿದು ತಮ್ಮ ಪಂಜರದ ಬಲೆಯನ್ನು ತಾವೇ ಸೀಳುತ್ತಿರುವುದನ್ನು ಕಂಡು ನಾನು ಬೆರಗಾದೆ. ಬಿಗಿದ ಬಲೆ ಬಿರುಗಾಳಿಗೆ ಹಾಯಿಪಟವಾಗಿ ಚೌಕಟ್ಟನ್ನೇ ಕಿತ್ತೊಯ್ಯುತ್ತದೆ, ಬಲೆಯನ್ನು ಸೀಳಿದರೆ ಗಾಳಿ ನುಗ್ಗಿ ಹೋಗಿ ಚೌಕಟ್ಟು ಉಳಿಯುತ್ತದೆ ಎಂದು ಅಳಿಯ ಲೆಕ್ಕಾಚಾರ ಹೇಳಿ, ಕೈಗೊಂದು ಚಾಕು ಕೊಟ್ಟು, “ಆ ಕಡೆಯ ನಾಲ್ಕು ಅಂಕಣ ನೀವು ನೋಡಿಕೊಳ್ಳಿ ಮಾವ” ಎಂದ. ಐದು ತಿಂಗಳಿನಿಂದ ಆ ಬಲೆಯನ್ನು ಹಳಿದವನಿಗೆ ಇದಕ್ಕಿಂತ ಧನ್ಯತೆಯ ಗಳಿಗೆ ಬೇಕೆ? ಆದರೂ ಮೊದಲನೆಯ ಅಂಕಣವನ್ನು ಕೊಯ್ಯುವಾಗ, ಮದುವೆಯ ಮನೆಯ ಚಪ್ಪರವನ್ನು ನೆಂಟರು ಹೊರಡುವ ಮೊದಲೇ ಬಿಚ್ಚಿದವನಂತೆ ಮನಸ್ಸು ಮುದುಡಿತು. ಅಕ್ಟೋಬರ್ 9ರ ರಾತ್ರಿ ಗಾಳಿ ನೆಲವನ್ನು ಮುಟ್ಟಿತು. ಕೊಲ್ಲಿಯ ಆಚೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಟ್ರಾಪಿಕಾನಾ ಫೀಲ್ಡ್ ಎಂಬ ಬೇಸ್‌ಬಾಲ್ ಕ್ರೀಡಾಂಗಣದ ನೇಯ್ದ ಮಾಡು ಚಿಂದಿಯಾಗಿ, ಬೆಳಗಾಗುವಾಗ ಅದರ ಅಸ್ಥಿಪಂಜರ ಮಾತ್ರ ಕಾಣುತ್ತಿತ್ತು. ನಮ್ಮ ಪಂಜರವೂ ಅಸ್ಥಿಮಾತ್ರವಾಗಿಯೇ ಉಳಿದಿತ್ತು. ಆದರೆ ನೆಟ್ಟಗೆ ನಿಂತಿತ್ತು.

ಮಳೆಯ ನೀರು ಅಲ್ಲಲ್ಲಿ ನಿಂತು, ಕೆಲವು ದಿನಗಳಲ್ಲಿ ಸೊಳ್ಳೆಗಳು ಎದ್ದವು. ಬಲೆ ಕಟ್ಟುವವರಿಗೆ ಊರೆಲ್ಲ ಕೆಲಸವಾದುದರಿಂದ ನಮ್ಮ ಸರದಿ ಬರಲೊಲ್ಲದು. ಈಗ ಲನಾಯ್ ಎಂಬುದು ನಿಜವಾಗಿಯೂ ಹವಾಯಿಯವರ ಮೂಲಾರ್ಥಕ್ಕೆ ಮರಳಿತ್ತು. ಹೊರಗಿನ ಹೊರಗು ಸಂಪೂರ್ಣವಾಗಿ ದೊರೆತಿತ್ತು. ಅದರಲ್ಲಿ ಐದು ನಿಮಿಷ ಕುಳಿತುಕೊಳ್ಳುವುದು ನನ್ನಿಂದ ಸಾಧ್ಯವಾಗಲಿಲ್ಲ. ಗಾಜಿನ ಬಾಗಿಲಿನ ಹಿಂದೆ ನಿಂತು, ಬಲೆಯವನು ಎಂದು ಬರುತ್ತಾನೆಂದು ಮಗಳನ್ನು ದಿನಕ್ಕೆ ಎರಡು ಸಲ ಕೇಳುತ್ತಿದ್ದೆ. “ಅಪ್ಪ, ಹರಿದಿದ್ದು ನೀನೇ ಅಲ್ವಾ!” ಎಂದು ಅವಳು ನಗುತ್ತಿದ್ದಳು. ಕ್ರೌಂಚಗಳು ಬಂದು ನೋಡಿದವು. ಬಲೆಯಿಲ್ಲದ ಪಂಜರದೊಳಕ್ಕೆ ನಾಲ್ಕು ಹೆಜ್ಜೆ ನಡೆದು, ನನ್ನ ಬರಿದಾದ ಕುರ್ಚಿಯನ್ನು ಪರಿಶೀಲಿಸಿ ಹೋದವು. ನವೆಂಬರಿನಲ್ಲಿ ನಾವು ವಿಮಾನ ಹತ್ತುವ ದಿನದವರೆಗೂ ಬಲೆಯವನು ಬರಲಿಲ್ಲ.

ಮೈಸೂರಿಗೆ ಬಂದ ಮೇಲೆ ನಮ್ಮ ಮನೆಯ ಮುಂದಿನ ವರಾಂಡದ ಅಳತೆಯನ್ನು ನಾನೇ ತೆಗೆದುಕೊಂಡು, ಮೆಶ್ ಹಾಕುವವನನ್ನು ಕರೆಸಿದೆ. ಬೂದು ಬಣ್ಣ ಸಾಕಲ್ಲವೆ ಸಾರ್ ಎಂದ. ಕಪ್ಪೇ ಆಗಬೇಕೆಂದೆ, ಕಾರಣವನ್ನೂ ವಿವರಿಸಿದೆ, ಅವನು ಕಾಫಿ ಮುಗಿಸುವವರೆಗೆ ಕೇಳಿದ. ಊರಿನಿಂದ ಬಂದ ನನ್ನ ತಮ್ಮ ನೋಡಿ, “ಕೋಳಿಗೂಡು ಚೆನ್ನಾಗಿ ಬಂದಿದೆ ಕಣಣ್ಣ” ಎಂದ; ಆದರೆ ಸಂಜೆಯಿಡೀ ಅದರಲ್ಲಿಯೇ ಕುಳಿತಿದ್ದ. ಆ ರಾತ್ರಿ ಮನೆಯಾಕೆ ಮಗಳಿಗೆ ದೂರವಾಣಿಯಲ್ಲಿ, “ನಿಮ್ಮಪ್ಪ ಇಲ್ಲೂ ಒಂದು ನಾಯಿ ಕಟ್ಟಿಸಿದ್ದಾರೆ ಕಣೆ” ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು.

ಮಿತ್ರರು ಸಂಜೆ ಆರರ ಮೇಲೆ ಅವಶ್ಯವಾಗಿ ಬರಬೇಕು. ಬಾಗಿಲು ಎಡಗಡೆಯ ಅಂಕಣದಲ್ಲಿದೆ, ಹೊರಕ್ಕೆ ತೆರೆಯುತ್ತದೆ, ಎಳೆಯಬೇಕು, ತಳ್ಳಬಾರದು.