ಶ್ವಾಸಲೆಕ್ಕದ ರಾಯರು

ಆಯುಷ್ಯದ ಬಹುಭಾಗವನ್ನು ಬ್ಯಾಂಕಿನಲ್ಲಿ ಪರರ ಹಣದ ಲೆಕ್ಕ ಬರೆಯುವುದರಲ್ಲಿ ಸವೆಸಿ, ನಿವೃತ್ತಿಯಾದ ಮೇಲೆ ಬರೆಯಲು ಲೆಕ್ಕವೇ ಇಲ್ಲದೆ ಕಂಗೆಟ್ಟಿದ್ದ ಮೈಸೂರು ಸರಸ್ವತೀಪುರದ ನಮ್ಮ ರಾಯರಿಗೆ, ಮಗಳು ಅಮೆರಿಕದಿಂದ ತಂದಿತ್ತ ಮೊಬೈಲಿನಲ್ಲಿ ಧ್ಯಾನದ ಆಪೊಂದು ಗೋಚರಿಸಿದ ಲಾಗಾಯಿತು ಸ್ವಂತ ಉಸಿರಿನ ಖಾತೆ ತೆರೆಯುವ ಸುಯೋಗ ಪ್ರಾಪ್ತವಾಗಿದೆ.

ಬ್ರಾಹ್ಮೀ ಮುಹೂರ್ತದಲ್ಲಿ ಚಾಪೆಯ ಮೇಲೆ ಪದ್ಮಾಸನಸ್ಥರಾಗಿ, ತಂಬಿಗೆಗೆ ಒರಗಿಸಿದ ಮೊಬೈಲಿನ ನೀಲಿ ವೃತ್ತ ಹಿಗ್ಗಿದಾಗ ಪೂರಕವನ್ನೂ ಕುಗ್ಗಿದಾಗ ರೇಚಕವನ್ನೂ ಮಾಡುತ್ತ ಅವರು ಕುಳಿತಿರುವ ಭಂಗಿ ಸಾಕ್ಷಾತ್ ಋಷಿಸದೃಶವಾದದ್ದು. ಒಂದು ಕಣ್ಣು ಮಾತ್ರ ಬ್ಯಾಟರಿಯ ಮೇಲಿರುತ್ತದೆ. ಆಪು ಪುಕ್ಕಟೆಯದಾದುದರಿಂದ ನಡುವೆ ಜಾಹೀರಾತು ನುಗ್ಗುವುದುಂಟು. ಮೊನ್ನೆ ಉಸಿರು ಬಿಗಿಹಿಡಿದು ಕುಂಭಕದಲ್ಲಿದ್ದಾಗಲೇ ಗೃಹಸಾಲದ ಬಡ್ಡಿದರ ಕಿವಿಗೆ ಬೀಳಲು, "ದುಬಾರಿ!" ಎಂದು ಕೂಗಿ ರಾಯರು ಪ್ರಾಣವಾಯುವನ್ನು ಅಕಾಲದಲ್ಲಿ ವಿಸರ್ಜಿಸಿದರು.

ಯಂತ್ರವೇ ಸುಳ್ಳೆಂದು ಹೇಳಲಾರೆ. ಮೊಬೈಲಿನ ಕ್ಯಾಮೆರಾದ ಮೇಲೆ ಬೆರಳಿಟ್ಟರೆ, ಅದರದೇ ದೀಪದ ಬೆಳಕಿನಲ್ಲಿ ರಕ್ತದ ಏರಿಳಿತವನ್ನು ಕಂಡು ಅದು ನಾಡಿಯನ್ನು ಎಣಿಸಬಲ್ಲುದು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20ರವರೆಗೆ ಇರುವ ಉಸಿರನ್ನು 6ಕ್ಕೆ ಇಳಿಸಿದರೆ, ಹೃದಯದ ಬಡಿತವೂ ಉಸಿರಿನೊಡನೆ ಎದ್ದುಕಾಣುವಂತೆ ಏರಿಳಿಯುವುದೆಂಬುದು ವೈದ್ಯರೂ ಒಪ್ಪುವ ಮಾತು. ದಿನಕ್ಕೆ 21,600 ಶ್ವಾಸಗಳೆಂಬ ಯೋಗಶಾಸ್ತ್ರದ ಎಣಿಕೆಯನ್ನು ರಾಯರು 1,440 ನಿಮಿಷಗಳಿಂದ ಭಾಗಿಸಿ, ನಿಮಿಷಕ್ಕೆ 15 ಬಂದುದನ್ನು ಕಂಡು, "ಪೂರ್ವಿಕರ ಲೆಡ್ಜರ್ ಟ್ಯಾಲಿ ಆಗುತ್ತೆ" ಎಂದು ಪ್ರಮಾಣಪತ್ರವನ್ನೇ ದಯಪಾಲಿಸಿದ್ದಾರೆ.

ತೊಡಕಿರುವುದು 'ಸ್ಟ್ರೀಕ್' ಎಂಬ ಅಖಂಡ ವ್ರತದಲ್ಲಿ. ಒಂದು ದಿನ ತಪ್ಪಿದರೆ ಗಳಿಸಿದ ದಿನಗಳೆಲ್ಲ ಸೊನ್ನೆಯಾಗುವುವೆಂಬ ಭೀತಿಯಿಂದ ಅವರು ಮದುವೆಮನೆಯ ಪಂಕ್ತಿಯಲ್ಲಿ ಸಾರಿಗೂ ಪಾಯಸಕ್ಕೂ ನಡುವೆ ಕಣ್ಣುಮುಚ್ಚಿದ್ದುಂಟು. ಬಡಿಸುವವನು ಎಲೆ ದಾಟಿ ಹೋದ.

ಮನೆಯಲ್ಲಂತೂ ಬೆಳಗಾದರೆ ಮಡದಿಯ ಕೂಗು: "ರೀ, ಹಾಲು ಉಕ್ತಾ ಇದೆ, ಒಲೆ ಆರಿಸ್ರೀ!"

"ತಡಿಯೇ, ಶಾಂತಿಗೆ ಇನ್ನೂ ಎರಡು ನಿಮಿಷ ಬಾಕಿ ಇದೆ!"

ಇದು ಆ ಮನೆಯ ಸುಪ್ರಭಾತ. ಹಾಲು ಉಕ್ಕಿದರೂ ರಾಯರು ಉದ್ವೇಗಗೊಳ್ಳರು. ಇಂಟರ್ನೆಟ್ ಕೈಕೊಟ್ಟಾಗ ಮಾತ್ರ ಅವರ ರಕ್ತದೊತ್ತಡವನ್ನು ಅಳೆಯಬಾರದು.

ಅವರ ಮನೆಗೆ ಹೋಗುವ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ: ಮುಂಜಾನೆ ಬಾಗಿಲು ತಟ್ಟದಿರಿ, ಕುಶಲವನ್ನು ಆಪಿನ ಅಂಕ ಬಂದ ಮೇಲೆಯೇ ಕೇಳಿರಿ, ಚಾರ್ಜರನ್ನು ಮರೆಯದೆ ಒಯ್ಯಿರಿ, ರಾಯರು ತಮ್ಮದನ್ನು ಕೊಡುವುದಿಲ್ಲ.