ನೀರಿಲ್ಲದ ತಾಲ್ಲೂಕಿನ ನಾವಿಕರು

ಮಂಚೇನಹಳ್ಳಿಯವನೊಬ್ಬ ಬೋಟು ಕೊಂಡಿದ್ದಾನೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದು ನ್ಯಾಯವೇ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ನಮ್ಮ ಕಡೆಯಿಂದಲೇ ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗಿ, ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ ಎಂದು ಮೇಷ್ಟ್ರು ಭೂಪಟದ ಮೇಲೆ ಕೋಲಿಟ್ಟು ತೋರಿಸಿದ್ದರು. ನಾವು ಕಣ್ಣಾರೆ ಕಂಡದ್ದು ಮರಳು. ಆ ನದಿ ದಾಟಲು ದೋಣಿ ಬೇಕಿರಲಿಲ್ಲ; ಬೇಸಿಗೆಯಲ್ಲಿ ಕಾಲಿಗೆ ಚಪ್ಪಲಿ ಇದ್ದರೆ ಸಾಕಿತ್ತು.

ನೀರು ಬರುತ್ತದೆ ಎಂಬ ಮಾತು ಮಾತ್ರ ನಮ್ಮಲ್ಲಿ ಯಾವತ್ತೂ ಬತ್ತಿಲ್ಲ. ನಮಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆದದ್ದು 2014ರ ಮಾರ್ಚಿನಲ್ಲಿ. ಅದರ ಮೊದಲ ಹಂತಕ್ಕೆ ಸಕಲೇಶಪುರದಲ್ಲಿ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ನಾನು ನ್ಯೂಜಿಲೆಂಡಿಗೆ ಬಂದು, ಆಕ್ಲೆಂಡಿನಲ್ಲಿ ಮನೆ ಸಾಲ ಮಾಡಿ, ಅದರ ಮೇಲೊಂದು ಸೆಕೆಂಡ್ ಹ್ಯಾಂಡ್ ಬೋಟು ಕೊಂಡು, ನೀರು ಇರುವಲ್ಲಿಗೆ ನಾನೇ ಹೋಗಿಬಿಟ್ಟಿದ್ದೆ.

ಚಿಕ್ಕಪ್ಪನಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಯಾಕಪ್ಪಾ, ಅಲ್ಲಿ ಬಸ್ಸು ಸರಿಯಾಗಿ ಬರಲ್ವಾ?" ಎಂದರು. ಬೆಲೆ ಕೇಳಿ, ಮನಸ್ಸಿನಲ್ಲೇ ಗುಂಟೆ ಲೆಕ್ಕ ಹಾಕಿ, "ರೋಡ್ ಸೈಡಲ್ಲೇ ಒಂದು ಸೈಟು ಬರ್ತಿತ್ತು" ಎಂದು ಫೋನಿಟ್ಟರು.

ಆಕ್ಲೆಂಡಿಗೆ ಹಾಯಿಗಳ ನಗರ ಎಂದೇ ಹೆಸರು. ಸ್ವಂತಕ್ಕೆ ಬೋಟು ಓಡಿಸಲು ಇಲ್ಲಿ ಲೈಸೆನ್ಸ್ ಬೇಡ, ಬೋಟಿಗೆ ರಿಜಿಸ್ಟ್ರೇಷನ್ನೂ ಬೇಡ. ಆದರೆ ಅದನ್ನು ಹೊತ್ತೊಯ್ಯುವ ಟ್ರೈಲರಿಗೆ ನಂಬರ್ ಪ್ಲೇಟು, ರಿಜಿಸ್ಟ್ರೇಷನ್, ಕಾಲಕಾಲಕ್ಕೆ ತಪಾಸಣೆ, ಎಲ್ಲವೂ ಬೇಕು. ಸಮುದ್ರದಲ್ಲಿ ನಾನು ಹೇಗಿದ್ದರೂ ನಡೆಯುತ್ತದೆ, ರಸ್ತೆಯಲ್ಲಿ ಮಾತ್ರ ಯೋಗ್ಯನಾಗಿರಬೇಕು ಎಂಬುದು ಈ ಸರ್ಕಾರದ ನಿಲುವು.

ಬೋಟು ಬಂದ ಮೇಲೆ ಬೋಟಿನ ಬಂಧುಗಳೂ ಬರುತ್ತಾರೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಇನ್ನೂ ಮೂರು ಕನ್ನಡ ಬೋಟುಗಳು ಪತ್ತೆಯಾದವು. ಒಂದು ಮಂಗಳೂರಿನವರದು, ಒಂದು ಹುಬ್ಬಳ್ಳಿಯವರದು, ಒಂದು ಮೈಸೂರಿನವರದು. ಮಂಗಳೂರಿನವರಿಗೆ ಸಮುದ್ರದ ಎಲ್ಲ ಗುಟ್ಟೂ ಗೊತ್ತಿರಬೇಕು ಎಂದು ಅವರನ್ನೇ ಮುಂದಾಳು ಮಾಡಿದೆವು. ಪಾಪ, ಅವರು ಹುಟ್ಟಿದ್ದು ಸಮುದ್ರದ ಪಕ್ಕದಲ್ಲಿ, ಬೆಳೆದದ್ದು ಟ್ಯೂಷನ್ನಿನಲ್ಲಿ. ಆದರೂ "ಗಾಳಿ ಸ್ವಲ್ಪ ನೋಡ್ಬೇಕು ಮಾರಾಯ್ರೆ" ಎಂದು ಅವರು ಹೇಳಿದ ಧಾಟಿಗೇ ನಾವು ತಲೆಬಾಗಿದೆವು. ನಾಲ್ಕೂ ಸಂಸಾರ ಸೇರಿ ರಂಗಿಟೊಟೊ ದ್ವೀಪಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಆಗ ಊರಿನಿಂದ ಅಪ್ಪ ಅಮ್ಮ ಬಂದಿದ್ದರು.

ದಿನ ಗೊತ್ತುಮಾಡುವಾಗಲೇ ಮೊದಲ ಗಲಾಟೆ. ನಮ್ಮ ಕೈಯಲ್ಲಿ ಉಬ್ಬರ ಇಳಿತದ ಪಟ್ಟಿ, ಅಮ್ಮನ ಕೈಯಲ್ಲಿ ಪಂಚಾಂಗ. ನಾವು ಆರಿಸಿದ ಶನಿವಾರ ಅಮಾವಾಸ್ಯೆ. "ಅಮಾವಾಸ್ಯೆ ದಿನ ಹೊಲಕ್ಕೇ ಹೋಗಲ್ಲ, ಸಮುದ್ರಕ್ಕೆ ಹೋಗ್ತಾರಂತೆ" ಎಂದು ಅಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ಹುಬ್ಬಳ್ಳಿಯವರು ಸಾಫ್ಟ್‌ವೇರಿನವರು, ಮೂಢನಂಬಿಕೆಗೆ ಜಗ್ಗುವವರಲ್ಲ. "ಏನ್ ಆಗೂದಿಲ್ರಿ ಅಮ್ಮಾರ" ಎಂದು ಪಟ್ಟಿ ಬಿಡಿಸಿದರು. ನೋಡಿದರೆ ಪಟ್ಟಿಯೂ ಅಮ್ಮನ ಕಡೆಗೇ ವಾಲಿತ್ತು. ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತದ ಅಂತರ ಹೆಚ್ಚು. ಆಕ್ಲೆಂಡಿನಲ್ಲಿ ಅದು ಮೂರು ಮೀಟರಿನಷ್ಟಾಗುತ್ತದೆ. ಬೆಳಗ್ಗೆ ಬೋಟು ಇಳಿಸಿದ ಇಳಿಜಾರು ಸಂಜೆ ಬರುವಷ್ಟರಲ್ಲಿ ಕೆಸರಿನ ಗದ್ದೆ. ಅಷ್ಟಮಿಯ ಸುತ್ತಮುತ್ತ ಈ ಏರಿಳಿತ ಕಡಿಮೆ. ಇಲ್ಲಿನ ಮಾವೋರಿ ಜನರಿಗೂ ಚಂದ್ರನ ದಿನ ನೋಡಿ ಮೀನಿಗೆ ಹೊರಡುವ ಅವರದೇ ಪಂಚಾಂಗವಿದೆ. ಪ್ರಯಾಣ ಒಂದು ವಾರ ಮುಂದಕ್ಕೆ ಹೋಯಿತು. ಅಮ್ಮ ಗೆದ್ದ ಹಮ್ಮಿನಲ್ಲಿ, "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಎಂಟೂವರೆಗೆ ನೀರಿಗಿಳೀಬೇಕು" ಎಂದು ಇನ್ನೊಂದು ಷರತ್ತು ಸೇರಿಸಿದಳು. ಆ ಒಂಬತ್ತು ಗಂಟೆ ಬೆಂಗಳೂರಿನದೋ ಆಕ್ಲೆಂಡಿನದೋ ಎಂದು ಮೈಸೂರಿನವರು ಸೂಕ್ಷ್ಮ ಎತ್ತಿದರು. ಬೇಸಿಗೆಯಲ್ಲಿ ನಾವು ಊರಿಗಿಂತ ಏಳೂವರೆ ಗಂಟೆ ಮುಂದೆ. "ರಾಹು ಇಲ್ಲಿಗೆ ಬಂದಮೇಲೆ ಇಲ್ಲಿನ ಟೈಮೇ" ಎಂದು ಅಮ್ಮ ಆ ಅಧ್ಯಾಯ ಮುಗಿಸಿದಳು.

ಬೋಟು ಓಡಿಸುವುದು ಕಷ್ಟವಲ್ಲ. ಟ್ರೈಲರನ್ನು ಹಿಮ್ಮುಖವಾಗಿ ಇಳಿಜಾರಿನಲ್ಲಿ ನೀರಿಗೆ ಬಿಡುವುದೇ ಕಷ್ಟ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ, ಗಾಬರಿಯಾಗಿ ಇನ್ನಷ್ಟು ತಿರುಗಿಸಿದರೆ ಕಾರು ಟ್ರೈಲರು ಎರಡೂ ಮುಖಾಮುಖಿಯಾಗುತ್ತವೆ. ಶನಿವಾರ ಬೆಳಗ್ಗೆ ಹಿಂದೆ ಇಪ್ಪತ್ತು ಬೋಟಿನವರು ಕಾಯುತ್ತಾ, ಯಾರೂ ಹಾರ್ನ್ ಮಾಡದೆ, ಕಾಫಿ ಹೀರುತ್ತಾ ನಮ್ಮನ್ನೇ ನೋಡುತ್ತಿರುತ್ತಾರೆ. ಬೈದರೆ ಎಷ್ಟೋ ವಾಸಿ. ಮೈಸೂರಿನವರು ಮುಂದೆ ಹಿಂದೆ ಮಾಡುತ್ತಾ ಬೆವರುತ್ತಿದ್ದರು. ಅವರ ಶ್ರೀಮತಿ ಹೊರಗೆ ನಿಂತು "ರೈಟ್, ರೈಟ್" ಎನ್ನುತ್ತಿದ್ದರು. ಅದು ಬಲಕ್ಕೆ ಎಂದೋ, ಬಸ್ ಕಂಡಕ್ಟರ್ ಹೇಳುವ ರೈಟೋ ತಿಳಿಯುತ್ತಿರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ನೋಡಿದರು. ಪಂಚೆ ಮೇಲಕ್ಕೆ ಕಟ್ಟಿ, "ಸ್ವಲ್ಪ ಇಳೀರಿ ಸ್ವಾಮಿ" ಎಂದರು. ಕನ್ನಡಿ ನೋಡಲಿಲ್ಲ. ಒಂದು ಕೈ ಸ್ಟೇರಿಂಗಿನ ತಳಭಾಗದಲ್ಲಿ ಇಟ್ಟು, ಕುತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿಸಿ, ಟ್ರೈಲರನ್ನು ಒಂದೇ ಉಸಿರಿಗೆ ಗೆರೆ ಎಳೆದಷ್ಟು ನೇರವಾಗಿ ನೀರಿಗೆ ಇಳಿಸಿದರು. ಬತ್ತಿದ ಕೆರೆಯಲ್ಲಿ ಗೋಡು ತುಂಬಿಸಿ ಹೊಲಕ್ಕೆ ಹೊಡೆಸಲು ಟ್ರಾಕ್ಟರನ್ನು ದಶಕಗಟ್ಟಲೆ ಹಿಂದಕ್ಕೆ ಬಿಟ್ಟವರು ಅವರು. ಕೆರೆಯಲ್ಲಿ ನೀರಿದ್ದಿದ್ದರೆ ಈ ವಿದ್ಯೆ ಎಲ್ಲಿ ಬರುತ್ತಿತ್ತು! ಕಾಯುತ್ತಿದ್ದ ಬಿಳಿಯ ಮುದುಕರೊಬ್ಬರು ಕಾಫಿ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅಪ್ಪ ಇಳಿದು ಬಂದು, ಹುಬ್ಬಳ್ಳಿಯವರ ಬೋಟಿನ ಹಿಂಭಾಗ ಬಗ್ಗಿ ನೋಡಿ, "ಇದಕ್ಕೂ ತೂಬು ಇಟ್ಟವ್ರಲ್ಲಾ, ಮುಚ್ಚೋದಿಲ್ವಾ?" ಎಂದು ಕೇಳಿದರು. ತೊಳೆದ ನೀರು ಬಸಿದುಹೋಗಲೆಂದು ಬೋಟಿನ ತಳದಲ್ಲಿ ಒಂದು ತೂತಿರುತ್ತದೆ. ನೀರಿಗಿಳಿಸುವ ಮೊದಲು ಬಿರಡೆ ಹಾಕದಿದ್ದರೆ ಸಮುದ್ರ ಒಳಗೆ ಬರುತ್ತದೆ. ಹುಬ್ಬಳ್ಳಿಯವರು ಬಿರಡೆಗಾಗಿ ಕಾರಿನ ಡಿಕ್ಕಿಗೆ ಓಡಿದ ವೇಗ ನೋಡಬೇಕಿತ್ತು.

ಅಮ್ಮ ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಬಾಳೆಹಣ್ಣಿನ ಚಿಪ್ಪು ತೆಗೆದಳು. ಚಪ್ಪಾಳೆ ತಟ್ಟಿದ್ದ ಮುದುಕರ ಮುಖ ಬಿಳಿಚಿಹೋಯಿತು. ಬೋಟಿನಲ್ಲಿ ಬಾಳೆಹಣ್ಣು ಇದ್ದರೆ ಮೀನು ಬೀಳುವುದಿಲ್ಲ, ಕೇಡು ಬರುತ್ತದೆ ಎಂಬುದು ಇಂಗ್ಲಿಷ್ ಮಾತನಾಡುವ ನಾವಿಕರ ಹಳೆಯ ನಂಬಿಕೆ. ಅವರು ಕೈಮುಗಿಯುವಷ್ಟು ವಿನಯದಿಂದ ಬೇಡವೆಂದರು. ನಾನು ಅನುವಾದ ಮಾಡಿದೆ. ಅಮ್ಮನಿಗೆ ಬೇಸರವಾಗುವ ಬದಲು ನೆಮ್ಮದಿಯೇ ಆಯಿತು. "ಇವ್ರಿಗೂ ಶಕುನ ಐತೆ, ಒಳ್ಳೇ ಜನ" ಎಂದು ಇಡೀ ಚಿಪ್ಪನ್ನು ಅವರ ಕೈಗೇ ಕೊಟ್ಟುಬಿಟ್ಟಳು. ಅದನ್ನು ಹಿಡಿದುಕೊಂಡು ಆ ಮನುಷ್ಯ ತಮ್ಮ ಬೋಟಿನ ಕಡೆ ಹೋಗಲೂ ಆಗದೆ, ಬಿಸಾಡಲೂ ಆಗದೆ ನಿಂತಿದ್ದರು.

ಹೊರಡುವ ಮುನ್ನ ಕೋಸ್ಟ್‌ಗಾರ್ಡಿಗೆ ರೇಡಿಯೊದಲ್ಲಿ ವರದಿ ಕೊಡುವುದು ಇಲ್ಲಿನ ಒಳ್ಳೆಯ ಪದ್ಧತಿ. ಎಲ್ಲಿಗೆ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು? ಬಹುಪಾಲು ಸ್ವಯಂಸೇವಕರೇ ನಡೆಸುವ ಸಂಸ್ಥೆ ಅದು. ರೇಡಿಯೊದಿಂದ "ಎಲ್ಲಿಗೆ" ಎಂಬ ಪ್ರಶ್ನೆ ಬಂದದ್ದೇ ಅಮ್ಮ ಎದೆಯ ಮೇಲೆ ಕೈಯಿಟ್ಟಳು. "ಹೊರಡೋ ಹೊತ್ತಲ್ಲಿ ಎಲ್ಲಿಗೆ ಅಂತ ಕೇಳ್ತಾರೇನೋ! ಕೂತ್ಕೊಳ್ರೋ ಎಲ್ಲಾ, ನೀರು ಕುಡಿದು ಹೊರಡಿ." ನಾಲ್ಕೂ ಬೋಟುಗಳಲ್ಲಿ ಎಲ್ಲರೂ ಕೂತರು, ನೀರು ಕುಡಿದರು. ಇನ್ನು ಎಷ್ಟು ಜನ ಎಂಬ ಪ್ರಶ್ನೆ. ಕನ್ನಡ ಸಂಸಾರ ಹೊರಟಾಗ ಇದಕ್ಕೆ ಉತ್ತರ ಸಿಗುವುದು ಅಷ್ಟು ಸುಲಭವಲ್ಲ. ಒಂದು ಮಗು ಮೈಸೂರಿನ ಬೋಟಿನಿಂದ ಹುಬ್ಬಳ್ಳಿ ಬೋಟಿಗೆ ವಲಸೆ ಹೋಗಿತ್ತು, ಯಾರದೋ ಭಾಮೈದ ಕೊನೆ ಗಳಿಗೆಯಲ್ಲಿ ಬಂದಿದ್ದ. ಬೋಟಿನಲ್ಲಿರುವ ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇರಲೇಬೇಕೆಂಬ ನಿಯಮ ಇರುವುದರಿಂದ ಜಾಕೆಟ್ ಎಣಿಸಿ ಜನರ ಲೆಕ್ಕ ಹಿಡಿದೆವು. ಎಂಟೂವರೆಗೆ ಎರಡು ನಿಮಿಷ ಇತ್ತು.

ರಂಗಿಟೊಟೊ ಜ್ವಾಲಾಮುಖಿ. ಸುಮಾರು 600 ವರ್ಷಗಳ ಹಿಂದೆ ಸಮುದ್ರದಿಂದ ಎದ್ದದ್ದು, ಆಕ್ಲೆಂಡಿನ ಐವತ್ತರಷ್ಟು ಜ್ವಾಲಾಮುಖಿಗಳಲ್ಲಿ ಎಲ್ಲಕ್ಕಿಂತ ಕಿರಿಯದು. ಎತ್ತರ ಸುಮಾರು 260 ಮೀಟರ್. ನಂದಿಬೆಟ್ಟದ 1,478 ಮೀಟರ್ ನೋಡಿದವರು ಇದನ್ನು ದಿಬ್ಬ ಎಂದರೆ ತಪ್ಪೇನಿಲ್ಲ. 2011ರಲ್ಲಿ ಈ ದ್ವೀಪವನ್ನು ಇಲಿ, ಹೆಗ್ಗಣಗಳಿಂದ ಮುಕ್ತ ಎಂದು ಘೋಷಿಸಿದರು. ಅಂದಿನಿಂದ ಕಟ್ಟುನಿಟ್ಟು: ಚಪ್ಪಲಿಯಲ್ಲಿ ಮಣ್ಣು, ಬೀಜ ಇರಬಾರದು, ಚೀಲದಲ್ಲಿ ಇರುವೆ ಇರಬಾರದು, ತಿಂಡಿಯೆಲ್ಲ ಭದ್ರವಾಗಿ ಮುಚ್ಚಿದ ಡಬ್ಬಿಯಲ್ಲೇ ಇರಬೇಕು. ಚಿತ್ರಾನ್ನ, ಮೊಸರನ್ನ, ನಿಪ್ಪಟ್ಟು, ಹುರಿದ ಅವರೆಕಾಳು, ಎಲ್ಲದಕ್ಕೂ ಅಮ್ಮ ಸ್ಟೀಲ್ ಡಬ್ಬಿಗೆ ಬಟ್ಟೆ ಕಟ್ಟಿ ತಂದಿದ್ದಳು. ಆ ಗಂಟು ಬಿಚ್ಚಲು ನಮಗೇ ಕಾಲು ಗಂಟೆ ಹಿಡಿಯಿತು. ಇಲಿಗೆ ಎಲ್ಲಿ ಸಾಧ್ಯ!

ಇಷ್ಟೆಲ್ಲ ನೀರಿನ ನಡುವೆ ಇರುವ ಈ ದ್ವೀಪದಲ್ಲಿ ಒಂದು ಹೊಳೆಯಿಲ್ಲ, ತೊರೆಯಿಲ್ಲ. ಬಿದ್ದ ಮಳೆ ಲಾವಾ ಕಲ್ಲಿನ ಸಂದಿಯಲ್ಲಿ ಇಳಿದು ಮಾಯವಾಗುತ್ತದೆ. ಆದರೂ ಆ ಕಪ್ಪು ಕಲ್ಲಿನ ಮೇಲೆ ಪೊಹುಟುಕಾವಾ ಮರಗಳ ದೊಡ್ಡ ಕಾಡೇ ಎದ್ದಿದೆ, ಡಿಸೆಂಬರಿನಲ್ಲಿ ಕೆಂಪಗೆ ಹೂಬಿಡುತ್ತದೆ. ಇದನ್ನು ಕೇಳಿದ್ದೇ ಅಪ್ಪನಿಗೆ ದ್ವೀಪ ತಮ್ಮದೇ ಅನ್ನಿಸಿತು. "ಬೋರು ಹಾಕ್ಸಿಲ್ವಾ? ಎಷ್ಟು ಅಡಿಗೆ ಬೀಳುತ್ತೆ, ಎಷ್ಟು ಇಂಚು?" ಎಂದು ಸಿಕ್ಕಿದವರನ್ನೆಲ್ಲ ನನ್ನ ಮೂಲಕ ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಪೂಜೆಗೆ ತಂದ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ಪಾಯಿಂಟ್ ಹುಡುಕುವವರ ನಡಿಗೆಯಲ್ಲಿ ಲಾವಾದ ಮೇಲೆ ಒಂದು ಸುತ್ತು ಹಾಕಿಬಂದರು. ಕಾಯಿ ಏಳಲಿಲ್ಲ. "ಡ್ರೈ" ಎಂದು ವರದಿ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಉಳಿದ ಮೂರೂ ಸಂಸಾರಗಳ ನೀರು ಮುಗಿದಿತ್ತು. ಅವರು ಜ್ಯೂಸು, ಫಿಲ್ಟರ್ ಕಾಫಿ, ಐಸ್ ಪೆಟ್ಟಿಗೆ ಎಲ್ಲ ತಂದಿದ್ದರು. ನಮ್ಮಲ್ಲಿ ಇಪ್ಪತ್ತು ಲೀಟರಿನ ಕ್ಯಾನು ಇತ್ತು. ಐದು ರೂಪಾಯಿ ಕಾಯಿನ್ ಹಾಕಿ ಘಟಕದಿಂದ ನೀರು ಹಿಡಿದು, ಬೈಕಿನ ಹಿಂದೆ ಕಟ್ಟಿ ತಂದು ರೂಢಿಯಾದ ಅಪ್ಪ ಮನೆ ಬಿಡುವಾಗ ಬೀಗ ಮರೆತರೂ ಕ್ಯಾನು ಮರೆಯುವವರಲ್ಲ. ಸಾಲು ನಿಲ್ಲಿಸಿ, ಲೋಟದಲ್ಲಿ ಅಳೆದು ಕೊಟ್ಟರು. ಗಂಗಮ್ಮನಿಗೆ ಅರ್ಘ್ಯ ಬಿಡಲೆಂದು ಅಮ್ಮ ಒಂದು ಲೋಟ ತುಂಬಿಸಿಕೊಂಡು ದಡಕ್ಕೆ ಹೊರಟಾಗ ಅಪ್ಪ ಅಲ್ಲಿಂದಲೇ ಕೂಗಿದರು: "ಏಯ್, ಅದು ಕುಡಿಯೋ ನೀರು ಕಣೇ! ಅವಳ ಹತ್ರ ಬೇಕಾದಷ್ಟೈತೆ!"

ಮಂಗಳೂರಿನವರು ಅಷ್ಟರಲ್ಲಿ ಸ್ನ್ಯಾಪರ್ ಹಿಡಿಯುತ್ತಿದ್ದರು. ಈ ಭಾಗದಲ್ಲಿ ಒಬ್ಬರಿಗೆ ದಿನಕ್ಕೆ ಏಳು ಮೀನು, ಒಂದೊಂದೂ 30 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಅವರಿಗೆ ಸಿಕ್ಕಿದ್ದೆಲ್ಲ 28, 29. ಸ್ಕೇಲಿನ ಮೇಲೆ ಬಾಲ ಎಳೆದು ಎಳೆದು ಅಳೆದರೂ ಕಾನೂನು ಒಪ್ಪಲಿಲ್ಲ. ಒಂದೊಂದನ್ನೂ ನೀರಿಗೆ ಬಿಟ್ಟಾಗ ಅಮ್ಮ, "ಶನಿವಾರ ಜೀವ ಉಳಿಸಿದ್ರಿ, ಪುಣ್ಯ ಬರುತ್ತೆ" ಎಂದು ಹರಸುತ್ತಿದ್ದಳು. ಅವರಿಗೆ ಬೇಕಾಗಿದ್ದದ್ದು ಪುಳಿಮುಂಚಿ.

ವಾಪಸು ಬರುವಾಗ ನೈಋತ್ಯದ ಗಾಳಿ ಎದ್ದು ಅಲೆ ಬೋಟುಗಳನ್ನು ಕುಲುಕಿತು. ಮೈಸೂರಿನವರು ರೇಲಿಂಗ್ ಹಿಡಿದು ಸಮುದ್ರಕ್ಕೆ ಮುಖಮಾಡಿದರು. ಎಂಜಿನ್ನಿನ ಮೇಲಿನ ಪೂಜೆಯ ನಿಂಬೆಹಣ್ಣು ಬೋಟಿನಿಂದ ಬೋಟಿಗೆ ಹಾರಿ ಎಲ್ಲರ ಮೂಗಿಗೂ ಸೇವೆ ಸಲ್ಲಿಸಿತು.

ಮನೆಗೆ ಬಂದ ಮೇಲೆ ಕೊನೆಯ ಜಗಳ. ಉಪ್ಪು ತಿನ್ನದಿರಲೆಂದು ಔಟ್‌ಬೋರ್ಡ್ ಎಂಜಿನ್ನಿಗೆ ಪೈಪಿನಿಂದ ಹತ್ತು ನಿಮಿಷ ಸಿಹಿನೀರು ಹರಿಸಬೇಕು. ಅಪ್ಪ ಎರಡು ನಿಮಿಷ ಸಹಿಸಿದರು. "ಸಾವಿರದೈನೂರು ಅಡಿ ಕೊರೆದ್ರೂ ಸಿಗದ ನೀರನ್ನ ಮಿಷಿನ್ನಿಗೆ ಕುಡಿಸ್ತೀಯಲ್ಲೋ" ಎಂದು ಬಕೆಟ್ ತಂದು ಕೆಳಗಿಟ್ಟರು. ತುಂಬಿದ ಬಕೆಟ್ಟಿಗೆ ಬೆರಳದ್ದಿ ನೆಕ್ಕಿ, ಉಪ್ಪಿದ್ದದ್ದನ್ನು ಚೆಲ್ಲಿ, ಸಪ್ಪೆಯಾದದ್ದನ್ನು ಮೆಣಸಿನ ಗಿಡಕ್ಕೆ ಹಾಕಿದರು. ಆಕ್ಲೆಂಡಿನಲ್ಲಿ ನೀರಿಗೆ ಮೀಟರು ಇದೆ. ಬಿಲ್ಲು ಕಟ್ಟುವವನು ನಾನು. ಆದ್ದರಿಂದ ಮನೆಯವಳೂ ಅಪ್ಪನ ಪಕ್ಷವೇ.

ನನ್ನ ತೀರ್ಮಾನ ಇಷ್ಟು: ಸಮುದ್ರದಲ್ಲಿ ಕ್ಷೇಮವಾಗಿ ಹೋಗಿಬರಲು ನೀರಿನ ನಡುವೆ ಹುಟ್ಟಿರಬೇಕಿಲ್ಲ, ನೀರಿನ ಬೆಲೆ ಗೊತ್ತಿರಬೇಕು. ತೂಬು ನೋಡುವುದು, ತಿಥಿ ನೋಡುವುದು, ಕ್ಯಾನು ಹೊರುವುದು ಬಲ್ಲವರನ್ನು ಹಡಗಿನ ಕ್ಯಾಪ್ಟನ್ ಮಾಡಿದರೂ ನಡೆಯುತ್ತದೆ. ರಂಗಿಟೊಟೊ ಇರುವ ಹೌರಾಕಿ ಕೊಲ್ಲಿಗೆ ಬೋಟಿನಲ್ಲಿ ಹೊರಡುವ ಕನ್ನಡಿಗರೇ, ಜಾಕೆಟ್ ಎಣಿಸಿ, ಬಿರಡೆ ಹಾಕಿ, ದಡ ಸೇರಿದ ಕೂಡಲೇ ಕೋಸ್ಟ್‌ಗಾರ್ಡಿಗೆ ತಿಳಿಸಿ.  ರಂಗಿಟೊಟೊದಲ್ಲಿ ಅಂಗಡಿಯಿಲ್ಲ. ಕುಡಿಯುವ ನೀರು ನೀವೇ ತನ್ನಿ, ಪಕ್ಕದ ಬೋಟಿನವರಿಗೂ ಸೇರಿಸಿ ತನ್ನಿ.